ಜ್ವರ ಬಂದಾಗ ಚಳಿ ಯಾಕೆ? ಐದನೇ ಕ್ಲಾಸಿನ ಚೀಟಿಗಳು

ಸಾಗರದ ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮಳೆಗಾಲ ಹಿಡಿಯಿತು ಅಂದ್ರೆ ಕೌಂಟರಿನಲ್ಲಿ ಬರೀ ಜ್ವರದ್ದೇ ಮಾತು. ದೊಡ್ಡವರು ಕೇಳುವುದು ಒಂದೇ: "ಬೇಗ ಇಳಿಯೋದು ಯಾವುದಿದೆ, ಅದು ಕೊಡಿ." ಪಕ್ಕದಲ್ಲಿ ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ನಿಂತ ಮಗು ಮಾತ್ರ ಬೇರೇನೋ ಕೇಳುತ್ತದೆ. "ಮೆಡಿಕಲ್ ಮಾಮ, ಥರ್ಮಾಮೀಟರ್ ಕಂಕುಳಲ್ಲೇ ಯಾಕೆ ಇಡೋದು?" ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಬೈಕ್ ಸ್ಟಾರ್ಟ್ ಮಾಡಿರುತ್ತಾರೆ.

ಪರಿಚಯದ ಟೀಚರ್ ಒಬ್ಬರು ಒಂದು ಸಂಜೆ ಅಂಗಡಿಗೆ ಬಂದರು. "ಐದನೇ ಕ್ಲಾಸಲ್ಲಿ ಅರ್ಧ ಬೆಂಚ್ ಖಾಲಿ ಸರ್. ಬಂದಿರೋ ಮಕ್ಕಳು ಹೆದರಿಕೊಂಡು ಕೂತಿವೆ. ಯಾರೋ ಏನೇನೋ ಹೇಳಿದಾರೆ. ಒಂದರ್ಧ ಗಂಟೆ ಬಂದು ಮಾತಾಡಿ." ಡಾಕ್ಟ್ರನ್ನೇ ಕರೀರಿ ಅಂದೆ. "ಡಾಕ್ಟ್ರಿಗೆ ಈಗ ಊಟಕ್ಕೂ ಪುರುಸೊತ್ತಿಲ್ಲ" ಅಂದರು. ಅದೂ ನಿಜವೇ.

ಒಪ್ಪಿಕೊಂಡೆ, ಆದರೆ ಭಾಷಣ ಮಾಡಲ್ಲ ಅಂದೆ. ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ, ಹೆಸರು ಬರೆಯುವುದು ಬೇಡ. ಆ ಚೀಟಿಗಳು ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲಿವೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಮಕ್ಕಳ ಜೊತೆ ಕೂತು ಓದಿ. ನಾನು ಔಷಧಿ ಅಂಗಡಿಯವನು, ಡಾಕ್ಟರ್ ಅಲ್ಲ. ಯಾವ ಮಗುವಿಗೆ ಯಾವ ಜ್ವರ ಅಂತ ಹೇಳುವುದು ನನ್ನ ಕೆಲಸವಲ್ಲ.

ಮೊದಲು ಕೈಗೆ ಸಿಕ್ಕಿದ ಚೀಟಿಯಲ್ಲಿ ಇದ್ದದ್ದು: "ಮೈ ಬಿಸಿ ಇದ್ರೂ ಚಳಿ ಯಾಕೆ ಆಗುತ್ತೆ?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಡಬ್ಬಿಯಲ್ಲಿ ಇನ್ನೊಂದು ಇರಲಿಲ್ಲ. ನಮ್ಮ ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅನ್ನುವ ಪುಟ್ಟ ಜಾಗವಿದೆ. ಮೈ ಎಷ್ಟು ಬಿಸಿ ಇರಬೇಕು ಅಂತ ತೀರ್ಮಾನಿಸುವುದು ಅದು. ಇಸ್ತ್ರಿ ಪೆಟ್ಟಿಗೆಯಲ್ಲಿ ಕಾಟನ್, ಸಿಲ್ಕ್ ಅಂತ ತಿರುಗಿಸುವ ಬಟನ್ ಇರುತ್ತದಲ್ಲ, ಅಂಥದ್ದು ಅಂದುಕೊಳ್ಳಿ. ಸಾಮಾನ್ಯ ದಿನ ಅದು 98.6 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಇರುತ್ತದೆ. ಮೈಯೊಳಗೆ ವೈರಸ್ ಅಥವಾ ಬ್ಯಾಕ್ಟೀರಿಯಾ ಹೊಕ್ಕಿತು ಅಂದುಕೊಳ್ಳಿ. ರಕ್ತದಲ್ಲಿ ಕಾವಲು ತಿರುಗುವ ಬಿಳಿ ಕಣಗಳು ಅದನ್ನು ಕಂಡು ಮೆದುಳಿಗೆ ರಾಸಾಯನಿಕದ ಮೂಲಕ ಸುದ್ದಿ ಕಳಿಸುತ್ತವೆ. ಮೆದುಳು ಬಟನ್ ಅನ್ನು 102ಕ್ಕೆ ತಿರುಗಿಸುತ್ತದೆ.

ಈಗ ಲೆಕ್ಕ ನೋಡಿ. ಮೈ ಇನ್ನೂ 99ರಲ್ಲಿದೆ, ಮೆದುಳು ಕೇಳುತ್ತಿರುವುದು 102. ಮೂರು ಡಿಗ್ರಿ ಕಡಿಮೆ ಬಿತ್ತು. ಹಾಗಾಗಿ ಮೆದುಳಿಗೆ ಅನಿಸುವುದು "ಅಯ್ಯೋ, ಚಳಿ!" ಅಂತ. ಸ್ನಾಯುಗಳನ್ನು ಗಡಗಡ ನಡುಗಿಸುತ್ತದೆ, ನಡುಗಿದರೆ ಬಿಸಿ ಹುಟ್ಟುತ್ತದೆ. ಚರ್ಮದ ಹತ್ತಿರದ ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಬಿಸಿ ಹೊರಗೆ ಹೋಗದಿರಲಿ ಅಂತ. ಅದಕ್ಕೇ ಹಣೆ ಸುಡುತ್ತಿದ್ದರೂ ಕೈಕಾಲು ತಣ್ಣಗೆ ಇರುತ್ತವೆ. ಮೈ 102 ಮುಟ್ಟಿದ ಮೇಲೆ ನಡುಕ ನಿಲ್ಲುತ್ತದೆ. ಆಮೇಲೆ ಯಾವಾಗಲೋ ಬಟನ್ ಮತ್ತೆ ಕೆಳಗೆ ಬಂದರೆ ಮೈ ಜಾಸ್ತಿ ಬಿಸಿ ಅನಿಸಿ ಬೆವರು ಕಿತ್ತುಕೊಂಡು ಬರುತ್ತದೆ. "ಬೆವರಿತು, ಜ್ವರ ಬಿಟ್ಟಿತು" ಅಂತ ಅಜ್ಜಿ ಹೇಳುವುದು ಸರಿಯಾಗಿಯೇ ಇದೆ. ಪ್ಯಾರಾಸಿಟಮಾಲ್ ಮಾಡುವುದೂ ಇಷ್ಟೇ, ಆ ಬಟನ್ ಅನ್ನು ಕೆಲವು ಗಂಟೆ ಕೆಳಗೆ ತಿರುಗಿಸಿ ಇಡುತ್ತದೆ. ವೈರಸ್ಸಿನ ತಂಟೆಗೆ ಅದು ಹೋಗುವುದಿಲ್ಲ. ಗುಳಿಗೆಯ ಪ್ರಭಾವ ಮುಗಿದಾಗ ಜ್ವರ ಮತ್ತೆ ಏರುವುದು ಅದಕ್ಕೇ. "ನಿಮ್ಮ ಸಿರಪ್ ಸರಿ ಇಲ್ಲ, ರಾತ್ರಿ ಮತ್ತೆ ಬಂತು" ಅಂತ ನನ್ನ ಮೇಲೆ ಸಿಟ್ಟಾಗುವ ಹಿರಿಯರು ಈ ಪ್ಯಾರಾ ಎರಡು ಸಲ ಓದಬೇಕು.

ತಣ್ಣೀರು ಪಟ್ಟಿಯ ವಿಷಯವೂ ಇಲ್ಲೇ ಬರುತ್ತದೆ. ನಡುಗುತ್ತಿರುವ ಮಗುವಿಗೆ ಫ್ರಿಜ್ಜಿನ ನೀರಲ್ಲಿ ಅದ್ದಿದ ಬಟ್ಟೆ ಹಾಕಿದರೆ ಇನ್ನೂ ನಡುಗುತ್ತದೆ, ಒಳಗೆ ಬಿಸಿ ಇನ್ನೂ ಏರುತ್ತದೆ. ಒರೆಸಲೇಬೇಕು ಅನಿಸಿದರೆ ಉಗುರು ಬೆಚ್ಚಗಿನ ನೀರು. ಚಳಿ ಅಂದಾಗ ಒಂದು ಹೊದಿಕೆ ಸಾಕು. ಚಳಿ ಹೋದ ಮೇಲೂ ಕಂಬಳಿ, ಸ್ವೆಟರ್, ಸಾಕ್ಸ್ ಎಲ್ಲ ಸೇರಿಸಿ ಕಟ್ಟಿಡುವುದು ಬೇಡ.

"ಜ್ವರ ಒಳ್ಳೇದಾ ಕೆಟ್ಟದ್ದಾ?" ಅಂತ ಒಬ್ಬ ಬರೆದಿದ್ದ. ಅವನಿಗೆ ಹಲ್ಲಿಯ ಕಥೆ ಹೇಳಿದೆ.

ಹಲ್ಲಿ, ಓತಿಕ್ಯಾತಗಳಿಗೆ ನಮ್ಮ ಹಾಗೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಹೋಗಬೇಕು. 1970ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಾ ಅನ್ನುವ ಹಲ್ಲಿ ಜಾತಿಯ ಪ್ರಾಣಿಗಳನ್ನು ಸಾಕಿ ಒಂದು ಪರೀಕ್ಷೆ ಮಾಡಿದರು. ರೋಗದ ಬ್ಯಾಕ್ಟೀರಿಯಾ ಒಳಹೊಕ್ಕ ಇಗ್ವಾನಾಗಳು ತಾವಾಗಿಯೇ ಹೆಚ್ಚು ಬಿಸಿ ಇರುವ ಜಾಗಕ್ಕೆ ಹೋಗಿ ಕೂತವು. ಅಂದರೆ ನಡೆದುಕೊಂಡು ಹೋಗಿ ಜ್ವರ ತಂದುಕೊಂಡವು! ಆಮೇಲೆ ಕೆಲವನ್ನು ಬಿಸಿ ಜಾಗದಲ್ಲಿ, ಕೆಲವನ್ನು ತಂಪು ಜಾಗದಲ್ಲಿ ಇಟ್ಟು ನೋಡಿದರು. ಬಿಸಿಯಲ್ಲಿದ್ದವು ಜಾಸ್ತಿ ಬದುಕಿದವು, ತಂಪಿನಲ್ಲಿದ್ದವು ಜಾಸ್ತಿ ಸತ್ತವು. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು, ಜ್ವರ ಅನ್ನೋದು ಹೊರಗಿಂದ ಬಂದ ರೋಗವಲ್ಲ, ರೋಗ ಬಂದಾಗ ನಿಮ್ಮ ಮೈ ತಾನೇ ಮಾಡುವ ಕೆಲಸ. ಆ ಕೆಲಸ ಯಾಕೆ ನಡೆಯುತ್ತಿದೆ ಅಂತ ಹುಡುಕಬೇಕಾದವರು ಡಾಕ್ಟರ್.

ಮುಂದಿನ ಚೀಟಿ ಗಂಡುಹುಡುಗನದ್ದೇ ಇರಬೇಕು, ಅಕ್ಷರ ನೋಡಿ ಹೇಳುತ್ತಿದ್ದೇನೆ. "ಜ್ವರ 110 ಆದ್ರೆ ತಲೆ ಒಡೆದು ಹೋಗುತ್ತಾ?"

ಒಡೆಯಲ್ಲ. ಹಳೆಯ ಗಾಜಿನ ಥರ್ಮಾಮೀಟರ್ ಮನೆಯಲ್ಲಿದ್ದರೆ ನೋಡಿ, ಗೆರೆಗಳು 108ಕ್ಕೇ ಮುಗಿಯುತ್ತವೆ. ಸೋಂಕಿನಿಂದ ಬರುವ ಜ್ವರಕ್ಕೆ ಮೆದುಳೇ ಒಂದು ಮಿತಿ ಇಟ್ಟಿರುತ್ತದೆ, 106 ದಾಟುವುದು ಅಪರೂಪ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಬಿಟ್ಟುಹೋದರೆ ಆಗುವುದು ಬೇರೆ, ಅಲ್ಲಿ ಮೆದುಳಿನ ಮಾತು ನಡೆಯುವುದಿಲ್ಲ. ಅದು ನಿಜಕ್ಕೂ ಅಪಾಯ.

ಕಂಕುಳ ಪ್ರಶ್ನೆಗೂ ಉತ್ತರ ಕೊಟ್ಟೆ. ಬಾಯಲ್ಲಿಟ್ಟರೆ ಚಿಕ್ಕ ಮಕ್ಕಳು ಕಚ್ಚುತ್ತವೆ, ಅದಕ್ಕೆ ಕಂಕುಳು. ಅಲ್ಲಿ ನಿಜವಾದ ಒಳಮೈಗಿಂತ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ಒಳಮೈ 100.4 ಅಥವಾ ಅದಕ್ಕಿಂತ ಮೇಲಿದ್ದರೆ ಜ್ವರ ಅನ್ನುತ್ತಾರೆ. ಸಂಜೆ ಹೊತ್ತು ಎಲ್ಲರ ಮೈಯೂ ಬೆಳಗ್ಗೆಗಿಂತ ತುಸು ಬಿಸಿ ಇರುತ್ತದೆ, ಸುಮ್ನೆ ಗಾಬರಿ ಬೇಡ. ಇನ್ನೊಂದು ವಿಷಯ ಕೇಳಿ ಮಕ್ಕಳು ಬಾಯಿ ಬಿಟ್ಟವು. 1860ರ ದಶಕದವರೆಗೂ ಡಾಕ್ಟರುಗಳು ಬಳಸುತ್ತಿದ್ದ ಥರ್ಮಾಮೀಟರ್ ಒಂದು ಅಡಿ ಉದ್ದ ಇರುತ್ತಿತ್ತು. ರೋಗಿ ಅದನ್ನು ಇಟ್ಟುಕೊಂಡು ಇಪ್ಪತ್ತು ನಿಮಿಷ ಕೂರಬೇಕಿತ್ತು. ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಅನ್ನುವ ಡಾಕ್ಟರ್ ಅದನ್ನು ಆರು ಇಂಚಿಗೆ ಇಳಿಸಿದರು, ಐದು ನಿಮಿಷಕ್ಕೆ ಕೆಲಸ ಮುಗಿಯಿತು. ನನ್ನ ಅಂಗಡಿಯಲ್ಲಿರುವುದು ನಿಮಿಷದೊಳಗೆ ಬೀಪ್ ಅನ್ನುತ್ತದೆ, ಅಷ್ಟಕ್ಕೇ ಮಕ್ಕಳು ಕೊಸರಾಡುತ್ತವೆ.

ಗುಳ್ಳೆ, ಕಲೆಗಳ ಬಗ್ಗೆ ಬಂದ ಚೀಟಿಗಳೇ ಜಾಸ್ತಿ. ಒಂದರಲ್ಲಿ ಹೀಗಿತ್ತು: "ಅಮ್ಮ ಬಂದ್ರೆ ಮಾರಿಕಾಂಬಾ ದೇವಿ ನಮ್ಮ ಮನೆಗೆ ಬರ್ತಾಳಾ?"

ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಮಾಡುವ ಊರು ನಮ್ಮದು. ಈ ಪ್ರಶ್ನೆಗೆ ನಕ್ಕು ಸುಮ್ಮನಾಗುವ ಹಾಗಿಲ್ಲ. ಹಿಂದೆ ದೊಡ್ಡ ಸಿಡುಬು ಅಂತ ಒಂದು ರೋಗವಿತ್ತು, ಊರೂರನ್ನೇ ತೆಗೆಯುತ್ತಿತ್ತು. ಜನ ದೇವಿಯನ್ನು ನೆನೆಯದೆ ಇನ್ನೇನು ಮಾಡಿಯಾರು? ಲಸಿಕೆ ಹಾಕಿ ಹಾಕಿ ಅದನ್ನು ಓಡಿಸಿದರು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1975ರಲ್ಲಿ, ಇಡೀ ಜಗತ್ತಿನಲ್ಲೇ ಅದು ಇಲ್ಲ ಅಂತ ಸಾರಿದ್ದು 1980ರಲ್ಲಿ. ಈಗ ನಮ್ಮ ಮನೆಗಳಲ್ಲಿ 'ಅಮ್ಮ' ಅನ್ನುವುದು ಚಿಕನ್ ಪಾಕ್ಸಿಗೆ. ಅದು ಬೇರೆ ವೈರಸ್, ಅಷ್ಟು ಕ್ರೂರಿಯಲ್ಲ. ಮೊದಲು ಸಣ್ಣ ಜ್ವರ, ಆಮೇಲೆ ಹೊಟ್ಟೆ, ಬೆನ್ನು, ಮುಖದ ಮೇಲೆ ನೀರು ತುಂಬಿದ ಗುಳ್ಳೆ. ಒಂದು ಕಡೆ ಒಣಗುತ್ತಿದ್ದರೆ ಇನ್ನೊಂದು ಕಡೆ ಹೊಸದು ಏಳುತ್ತಿರುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವ ತನಕ ಬೇರೆಯವರಿಗೆ ಅಂಟುತ್ತದೆ, ಅಲ್ಲಿಯವರೆಗೆ ಶಾಲೆ ಇಲ್ಲ.

ಅಜ್ಜಿಯರ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು ಎರಡು. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಹೊರಗಿನವರನ್ನು ಬಿಡದಿರುವುದು, ಕೆರೆಯುವ ಬದಲು ಬೇವಿನ ಸೊಪ್ಪಿನಿಂದ ಸವರುವುದು. ಇಷ್ಟವಾಗದ್ದು ಸ್ನಾನ ನಿಲ್ಲಿಸುವುದು, ಊಟ ಕಡಿಮೆ ಮಾಡುವುದು, "ಅಮ್ಮ ಮುನಿಯುತ್ತಾಳೆ" ಅಂತ ಡಾಕ್ಟರ ಹತ್ತಿರ ಹೋಗದಿರುವುದು. ಉಗುರು ಕತ್ತರಿಸಿ. ಆಸ್ಪಿರಿನ್ ಮಾತ್ರೆ ಮನೆಯಲ್ಲಿ ಅಜ್ಜನಿಗೆ ಅಂತ ಇರುತ್ತದೆ, ಅದನ್ನು ಮಕ್ಕಳ ಜ್ವರಕ್ಕೆ ಕೊಡಲೇಬೇಡಿ. ಚಿಕನ್ ಪಾಕ್ಸ್ ಅಥವಾ ಫ್ಲೂ ಇರುವ ಮಕ್ಕಳಿಗೆ ಅದರಿಂದ ಲಿವರ್, ಮೆದುಳಿಗೆ ಪೆಟ್ಟು ಬೀಳುವ ಅಪಾಯವಿದೆ. ರೈ ಸಿಂಡ್ರೋಮ್ ಅನ್ನುತ್ತಾರೆ. ಮಕ್ಕಳಿಗೆ ಖುಷಿ ಕೊಟ್ಟ ಸಂಗತಿ ಮಾತ್ರ ಬೇರೆ. ಚಿಕನ್ ಪಾಕ್ಸ್ ವಾಸಿಯಾದ ಮೇಲೂ ವೈರಸ್ ಹೋಗುವುದಿಲ್ಲ, ನರದ ಬುಡದಲ್ಲಿ ಹೋಗಿ ಮಲಗಿಕೊಳ್ಳುತ್ತದೆ. ಎಷ್ಟೋ ವರ್ಷದ ಮೇಲೆ ಎದ್ದು ಸರ್ಪಸುತ್ತಾಗಿ ಬರಬಹುದು. "ನಮ್ಮ ಅಜ್ಜಂಗೆ ಬಂದಿತ್ತು!" ಅಂತ ಹಿಂದಿನ ಬೆಂಚಿನಿಂದ ಒಂದು ಕೂಗು.

ದಡಾರ ಹೀಗಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶುರುವಿಗೆ ಜೋರು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು. ನಾಲ್ಕೈದು ದಿನದ ಹೊತ್ತಿಗೆ ಕಿವಿಯ ಹಿಂದೆ, ಹಣೆಯಲ್ಲಿ ಕೂದಲಿನ ಅಂಚಿನಿಂದ ಕೆಂಪು ದದ್ದು ಶುರುವಾಗಿ ಕೆಳಗೆ ಇಳಿಯುತ್ತದೆ. ದಡಾರ ಇರುವ ಮಗು ಎದ್ದು ಹೋದ ಮೇಲೂ ಎರಡು ಗಂಟೆ ತನಕ ಆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿದಿರಬಹುದು. ಯಾರಿಗೂ ಲಸಿಕೆ ಆಗಿರದ ಕಡೆ ಒಬ್ಬರಿಂದ ಹನ್ನೆರಡು, ಹದಿನೆಂಟು ಜನಕ್ಕೆ ಹಬ್ಬುತ್ತದೆ. ಇನ್ನೂ ಒಂದು ಕೆಟ್ಟ ಬುದ್ಧಿ ಅದಕ್ಕಿದೆ. ನಮ್ಮ ಮೈ ಹಿಂದೆ ಯಾವ್ಯಾವ ರೋಗದ ಜೊತೆ ಹೋರಾಡಿತ್ತು ಅನ್ನುವ ನೆನಪಿರುತ್ತದಲ್ಲ, ಅದರಲ್ಲಿ ಒಂದಷ್ಟನ್ನು ಅಳಿಸಿಬಿಡುತ್ತದೆ. ಮತ್ತೆ ಮೊದಲಿಂದ ಕಲಿಯಬೇಕು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸಾಪಿನಲ್ಲಿ ಬಂದ ಸುದ್ದಿ ನಂಬಿ ಮಕ್ಕಳನ್ನು ಬಚ್ಚಿಟ್ಟವರೂ ನಮ್ಮೂರಲ್ಲಿದ್ದರು. ಈಗ ಒಂಬತ್ತು ತಿಂಗಳು ತುಂಬಿದಾಗ ಒಂದು ಡೋಸ್, ಒಂದೂವರೆ ವರ್ಷದ ಆಸುಪಾಸು ಇನ್ನೊಂದು, ಸರ್ಕಾರದಿಂದ ಪುಕ್ಕಟೆ.

ಒಬ್ಬಳು ಬರೆದಿದ್ದಳು: "ನನ್ನ ತಂಗಿಗೆ ಅಂಗೈ, ಅಂಗಾಲು, ಬಾಯಲ್ಲಿ ಗುಳ್ಳೆ ಆಗಿದೆ. ನಮ್ಮನೆ ದನಕ್ಕೆ ಬಂದಿದ್ದ ಕಾಲುಬಾಯಿ ಜ್ವರ ಅದಕ್ಕೂ ಬಂತಾ?" ಕೊಟ್ಟಿಗೆ ಇರುವ ಮನೆಯ ಮಗು ಮಾತ್ರ ಕೇಳಬಲ್ಲ ಪ್ರಶ್ನೆ ಇದು. ಅಲ್ಲ, ದನದ್ದು ಬೇರೆ ವೈರಸ್, ಮಕ್ಕಳದ್ದು ಬೇರೆ. ದನ ಪಾಪ, ಅದರ ತಪ್ಪೇನಿಲ್ಲ. ಮಕ್ಕಳ ಈ ಕೈ-ಕಾಲು-ಬಾಯಿ ರೋಗ ಅಂಗನವಾಡಿ ವಯಸ್ಸಿನವರಲ್ಲಿ ಎಂಜಲು, ಮೂಗಿನ ಸಿಂಬಳ, ಸರಿಯಾಗಿ ತೊಳೆಯದ ಕೈ ಮೂಲಕ ಹಬ್ಬುತ್ತದೆ. ಬಾಯಿ ಉರಿಯುವುದರಿಂದ ಮಗು ಊಟ ಬಿಡುತ್ತದೆ, ಅಷ್ಟೇ ದೊಡ್ಡ ತೊಂದರೆ. ತಣ್ಣಗಿನ ಗಂಜಿ, ಮಜ್ಜಿಗೆ, ಮೊಸರನ್ನ, ಬೇಕಾದರೆ ಐಸ್ ಕ್ರೀಮೂ ಕೊಡಬಹುದು. (ಈ ಮಾತಿಗೆ ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ಟೀಚರ್ ನನ್ನನ್ನು ನೋಡಿದ ನೋಟ ಬೇರೆ ಇತ್ತು.) ವಾಸಿಯಾಗಿ ಕೆಲವು ವಾರದ ಮೇಲೆ ಕೆಲವು ಮಕ್ಕಳ ಕೈ ಕಾಲಿನ ಉಗುರು ಕಳಚಿ ಬೀಳುತ್ತದೆ. ನೋವಿರುವುದಿಲ್ಲ, ಹೊಸದು ಬರುತ್ತದೆ. 2022ರಲ್ಲಿ ಟಿವಿಯವರು 'ಟೊಮ್ಯಾಟೊ ಜ್ವರ' ಅಂತ ಕೂಗಿ ಹೆದರಿಸಿದ್ದು ನೆನಪಿರಬಹುದು, ಅದೂ ಹೆಚ್ಚಾಗಿ ಇದೇ.

ಮಂಗನ ಬಾವಿನ ಚೀಟಿ ಬಂದಾಗ ನನಗೆ ಬಹಳ ಇಷ್ಟದ ಕಥೆ ಹೇಳುವ ಅವಕಾಶ ಸಿಕ್ಕಿತು. 1963ರ ಮಾರ್ಚ್. ಅಮೆರಿಕದಲ್ಲಿ ಜೆರಿಲ್ ಲಿನ್ ಅನ್ನುವ ಐದು ವರ್ಷದ ಹುಡುಗಿ ರಾತ್ರಿ ಎದ್ದು ಗಂಟಲು ನೋವು ಅಂತ ಅಪ್ಪನನ್ನು ಎಬ್ಬಿಸಿದಳು. ಕೆನ್ನೆ ಕೆಳಗೆ ಊದಿತ್ತು. ಅಪ್ಪ ಮಾರಿಸ್ ಹಿಲ್ಮನ್, ಲಸಿಕೆ ಮಾಡುವ ವಿಜ್ಞಾನಿ. ಮಗಳನ್ನು ಮತ್ತೆ ಮಲಗಿಸಿ, ನಡುರಾತ್ರಿಯಲ್ಲೇ ಲ್ಯಾಬಿಗೆ ಕಾರು ಓಡಿಸಿ, ಹತ್ತಿಯ ಕಡ್ಡಿ ತಂದು ಅವಳ ಗಂಟಲು ಒರೆಸಿ ಇಟ್ಟುಕೊಂಡರು. ಆ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ, ಕೋಳಿಯ ಭ್ರೂಣದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಸೊಕ್ಕು ಇಳಿಸಿದರು. 1967ರಲ್ಲಿ ಅದು ಲಸಿಕೆಯಾಯಿತು. ಹೆಸರು? ಜೆರಿಲ್ ಲಿನ್ ತಳಿ! ಜಪಾನಿನ ಮಿಚಿಯಾಕಿ ತಕಾಹಾಶಿ ಅವರದ್ದೂ ಇಂಥದ್ದೇ ಕಥೆ. ಮಗನಿಗೆ ಜೋರಾಗಿ ಚಿಕನ್ ಪಾಕ್ಸ್ ಬಂದು ರಾತ್ರಿಯಿಡೀ ಅವನ ಪಕ್ಕ ಕೂತವರು, 1974ರ ಹೊತ್ತಿಗೆ ಅದರ ಲಸಿಕೆ ಮಾಡಿದರು. ಇವೆರಡೂ ಸರ್ಕಾರದ ಪಟ್ಟಿಯಲ್ಲಿ ಇಲ್ಲ. ಹಾಕಿಸಬೇಕಾದರೆ ಮಕ್ಕಳ ಡಾಕ್ಟರ್ ಹತ್ತಿರ ದುಡ್ಡು ಕೊಟ್ಟು ಹಾಕಿಸಬೇಕು.

"ಲಸಿಕೆ ಹಾಕಿದ್ರೂ ಜ್ವರ ಬರುತ್ತಲ್ಲ, ಮತ್ತೆ ಯಾಕೆ ಹಾಕ್ಬೇಕು?" ಅಂತ ಒಂದು ಚೀಟಿ. ಬಂದದ್ದು ರೋಗ ಅಲ್ಲವಲ್ಲ. ಮೈ ಪಾಠ ಕಲಿಯುವಾಗಲೂ ಬಟನ್ ಸ್ವಲ್ಪ ಮೇಲೆ ಹೋಗುತ್ತದೆ. ಒಂದೆರಡು ದಿನ, ಅಷ್ಟೇ.

ಡೆಂಗಿಗೆ ಬರೋಣ. ನಮ್ಮ ಕಡೆ ಹಗಲು ಕಚ್ಚುವ, ಕಾಲಿಗೆ ಬಿಳಿ ಪಟ್ಟೆ ಇರುವ ಸೊಳ್ಳೆಗೆ ಮನೆಯ ಸುತ್ತಲೇ ತೊಟ್ಟಿಲು ಕಟ್ಟಿಟ್ಟಿದ್ದೇವೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಒಡೆದ ಬಕೆಟ್, ಟೈರ್, ಹೂಕುಂಡದ ತಟ್ಟೆ. ಒಂದು ಹಾಳೆಯಲ್ಲಿ ನಿಂತ ಮಳೆನೀರು ಸಾಕು. ನೀರು ಒಣಗಿದರೂ ಅದರ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ. ಮಕ್ಕಳಿಗೆ ನಾನು ಕೊಟ್ಟ ಹೋಂವರ್ಕ್ ಒಂದೇ: ಭಾನುವಾರ ಮನೆ ಸುತ್ತ ತಿರುಗಿ ಹಾಳೆಗಳನ್ನು ಮಗುಚಿ ಹಾಕಿ, ನೀರಿನ ತೊಟ್ಟಿ ಖಾಲಿ ಮಾಡಿ ಉಜ್ಜಿ.

ದೊಡ್ಡವರಿಗೆ ಒಂದು ಮಾತು. ಡೆಂಗಿಯಲ್ಲಿ ಜ್ವರ ಏರಿರುವಾಗಿಗಿಂತ ಇಳಿಯುವಾಗ ಹುಷಾರಾಗಿರಬೇಕು. ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಟ್ಟಿತು ಅಂತ ಸಮಾಧಾನ ಮಾಡಿಕೊಳ್ಳುವ ಹೊತ್ತಲ್ಲೇ ಕೆಲವು ಮಕ್ಕಳು ಕುಸಿಯುತ್ತವೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕಾಗಿ ಬಿದ್ದುಕೊಳ್ಳುವುದು, ಇವು ಕಂಡರೆ ತಕ್ಷಣ ಆಸ್ಪತ್ರೆ. ಡೆಂಗಿ ಅನುಮಾನ ಇದ್ದಾಗ ಐಬುಪ್ರೊಫೇನ್ ಇರುವ ಸಿರಪ್ ಬೇಡ, ರಕ್ತ ಸೋರುವ ಅಪಾಯ ಜಾಸ್ತಿಯಾಗುತ್ತದೆ. "ಅದು ಬೇಗ ಇಳಿಸುತ್ತೆ" ಅಂತ ನನ್ನ ಹತ್ತಿರ ಜಗಳ ಮಾಡಿ ಪಕ್ಕದ ಬೀದಿಯಲ್ಲಿ ಕೊಂಡವರಿದ್ದಾರೆ. ಪಪಾಯ ಎಲೆ ರಸ ಕುಡಿಸಿ ಮನೆಯಲ್ಲೇ ಕಾಯುವವರೂ ಇದ್ದಾರೆ. ರಸಕ್ಕಿಂತ ಮಗು ಎಷ್ಟು ಸಲ ಉಚ್ಚೆ ಹೊಯ್ದಿದೆ ಅನ್ನುವ ಲೆಕ್ಕ ಮುಖ್ಯ.

ಪಾನಿಪುರಿ ತಿಂದರೆ ಟೈಫಾಯ್ಡ್ ಬರುತ್ತಾ ಅಂತಲೂ ಒಂದಿತ್ತು. ಪೂರಿ ಬಿಸಿ ಎಣ್ಣೆಯಲ್ಲಿ ಕರಿದದ್ದು, ಅದರ ಮೇಲೆ ನನಗೆ ಅನುಮಾನವಿಲ್ಲ. ಪಾನಿ ಎಲ್ಲಿಯ ನೀರು, ಕಲಸಿದವರ ಕೈ ಹೇಗಿತ್ತು, ಅದನ್ನು ನೋಡಿ ತಿನ್ನಿ.

ಕೊನೆಗೆ ನಮ್ಮ ತಾಲ್ಲೂಕಿನ ಮಕ್ಕಳು ಮಾತ್ರ ಬರೆಯುವ ಚೀಟಿ. "ಕಾಡಲ್ಲಿ ಮಂಗ ಸತ್ರೆ ನಮಗೆ ಯಾಕೆ ಜ್ವರ ಬರುತ್ತೆ?" ಕ್ಲಾಸ್ ಗಪ್ ಚುಪ್. ಯಾಕೆ ಅಂತ ನನಗೆ ಗೊತ್ತು. 2018ರ ಕೊನೆ, 2019ರ ಮೊದಲ ತಿಂಗಳುಗಳಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆಯಿಂದ ಏನಾಯಿತು ಅಂತ ಇಲ್ಲಿನ ಎಲ್ಲ ಮನೆಯಲ್ಲೂ ಮಾತಾಡುತ್ತಾರೆ. ಜೀವಗಳು ಹೋದವು.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲ್ಲಿ ಮಂಗಗಳು ಸಾಯತೊಡಗಿದ್ದವು. ಜಗತ್ತಿನ ಡಾಕ್ಟರುಗಳೆಲ್ಲ ಇವತ್ತಿಗೂ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಕರೆಯುತ್ತಾರೆ. ರೋಗ ತರುವುದು ಮಂಗವಲ್ಲ, ಅದರ ಮೈಮೇಲಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಸಣ್ಣ ಉಣುಗು ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಮಂಗ ಸತ್ತ ಕೂಡಲೇ ಉಣುಗುಗಳು ಇಳಿದು ಸುತ್ತಲಿನ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಕೂರುತ್ತವೆ. ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲು ಹೋದವರ ಕಾಲಿಗೆ ಹತ್ತಿಕೊಳ್ಳುತ್ತವೆ. ಮೇಯಲು ಹೋದ ದನದ ಮೈಯಲ್ಲೂ ಬರಬಹುದು. ಮಳೆ ಮುಗಿದ ಮೇಲೆ, ಚಳಿಗಾಲದಿಂದ ಬೇಸಿಗೆಯ ಕೊನೆ ತನಕ ಇದರ ಕಾಲ. ದಿಢೀರ್ ಅಂತ ಜೋರು ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ರೋಗಿಯ ಮನೆಯ ಮಗುವನ್ನು ಬೆಂಚಿನಿಂದ ದೂರ ಕೂರಿಸಬೇಡಿ. ಇದನ್ನು ನಾನು ಎರಡು ಸಲ ಹೇಳಿದೆ. ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ, ಆದ್ದರಿಂದ ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಕಲ್ಲು ಹೊಡೆಯದೆ, ದೊಡ್ಡವರಿಗೆ ಹೇಳಿ.

ಒಂದು ಚೀಟಿಯನ್ನು ಗಟ್ಟಿಯಾಗಿ ಓದಲಿಲ್ಲ. "ನನ್ನ ತಮ್ಮ ಜ್ವರ ಬಂದಾಗ ಕೈಕಾಲು ಬಡಿದು ಕಣ್ಣು ಮೇಲೆ ಮಾಡಿದ. ಸಾಯ್ತಾನೆ ಅಂದ್ಕೊಂಡೆ." ಉತ್ತರ ಮಾತ್ರ ಎಲ್ಲರಿಗೂ ಹೇಳಿದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದಲ್ಲಿ ಹೀಗೆ ಫಿಟ್ಸ್ ಬರುತ್ತದೆ. ನೋಡುವವರಿಗೆ ಭಯಂಕರ, ಆದರೆ ಬಹುತೇಕ ಸಲ ಕೆಲವೇ ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಮೆದುಳು ಹಾಳಾಗುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಯಾವುದೂ ಹಾಕಬೇಡಿ. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರೆ ನಿಲ್ಲುತ್ತದೆ ಅನ್ನುವುದು ಸುಳ್ಳು, ಅದು ನಿಲ್ಲುವ ಹೊತ್ತಿಗೆ ಬೀಗದ ಕೈ ಸಿಕ್ಕಿರುತ್ತದೆ ಅಷ್ಟೇ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಮೊದಲ ಸಲ ಬಂದದ್ದಾದರೆ ನಿಂತ ಮೇಲೂ ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಅಪ್ಪ ಅಮ್ಮಂದಿರಿಗೆ, ಕೌಂಟರಿನ ಈ ಕಡೆಯಿಂದ ಕಾಣುವ ವಿಷಯ. ಪ್ಯಾರಾಸಿಟಮಾಲ್ ಸಿರಪ್ ಒಂದೇ ಬಗೆ ಇರುವುದಿಲ್ಲ. ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಡ್ರಾಪ್ಸನ್ನು ಸಿರಪ್ ಅಂದುಕೊಂಡು ಮುಚ್ಚಳದಲ್ಲಿ 5 ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು, ಅದು ದೊಡ್ಡವರ ಮಾತ್ರೆ. ಕ್ರೋಸಿನ್, ಕ್ಯಾಲ್‌ಪಾಲ್, ಡೋಲೊ ಹೆಸರು ಬೇರೆ, ಒಳಗಿರುವುದು ಪ್ಯಾರಾಸಿಟಮಾಲೇ. "ಅದಕ್ಕೆ ಇಳೀಲಿಲ್ಲ ಅಂತ ಇದನ್ನೂ ಕೊಟ್ಟೆ" ಅಂದರೆ ಎರಡು ಡೋಸ್ ಒಟ್ಟಿಗೆ ಹೋಯಿತು ಅಂತಲೇ ಅರ್ಥ. ಶೀತದ ಸಿರಪ್‌ಗಳಲ್ಲೂ ಎಷ್ಟೋ ಸಲ ಅದು ಸೇರಿರುತ್ತದೆ. ಎರಡು ಡೋಸಿನ ನಡುವೆ ನಾಲ್ಕರಿಂದ ಆರು ಗಂಟೆ ಬಿಡಬೇಕು. ಲಿವರ್ ಹಾಳಾಗುವುದು ಇಂಥ ಅವಸರದಲ್ಲೇ. ಇನ್ನು ಆಂಟಿಬಯೋಟಿಕ್. ವೈರಸ್ ಜ್ವರಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಎಷ್ಟೇ ಹತ್ತಿರದ ನೆಂಟರಾದರೂ. ಅವರು ಬರೆದುಕೊಟ್ಟಿದ್ದರೆ ಜ್ವರ ಬಿಟ್ಟಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ.

ಜ್ವರದ ನಂಬರಿಗಿಂತ ಮಗುವನ್ನು ನೋಡಿ. 103 ಇದ್ದರೂ ಸಿರಪ್ ಕುಡಿದು ಅರ್ಧ ಗಂಟೆಗೆ ಎದ್ದು ತಂಗಿಯ ಜೊತೆ ಜಗಳ ಆಡುವ ಮಗುವಿನ ಬಗ್ಗೆ ನನಗೆ ಅಷ್ಟು ಹೆದರಿಕೆಯಿಲ್ಲ. 100 ಇದ್ದು ಕರೆದರೂ ಓಗೊಡದ ಮಗುವಿನ ಬಗ್ಗೆ ಇದೆ. ಮೂರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸಣ್ಣ ಜ್ವರ ಬಂದರೂ ಅದೇ ದಿನ ಡಾಕ್ಟರ್. ಉಸಿರಾಟ ವೇಗವಾಗಿ ಪಕ್ಕೆ ಒಳಗೆ ಹೋಗುತ್ತಿದ್ದರೆ, ಕುತ್ತಿಗೆ ಬಗ್ಗಿಸಲು ಆಗದಿದ್ದರೆ, ಏನೂ ಕುಡಿಯದಿದ್ದರೆ, ಎಂಟು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರೆ, ಬೆಳಗಾಗಲಿ ಅಂತ ಕಾಯಬೇಡಿ. ಇದೇನೂ ಇಲ್ಲದಿದ್ದರೂ ಜ್ವರ ಮೂರು ದಿನ ದಾಟಿದರೆ ತೋರಿಸಿ.

ಸಿರಪ್ ಕೊಳ್ಳಲು ಬರುವಾಗ ಮಗುವಿನ ತೂಕ ತಿಳಿದುಕೊಂಡು ಬನ್ನಿ. ಡೋಸ್ ಲೆಕ್ಕ ಹಾಕುವುದು ತೂಕದ ಮೇಲೆ, "ಯುಕೆಜಿ ಓದ್ತಿದಾನೆ" ಅನ್ನುವುದರ ಮೇಲೆ ಅಲ್ಲ. ಗೊತ್ತಿಲ್ಲದಿದ್ದರೆ ಅಂಗಡಿ ಬಾಗಿಲ ಹತ್ತಿರ ತೂಕದ ಮೆಷಿನ್ ಇಟ್ಟಿದ್ದೇನೆ, ದುಡ್ಡು ಕೊಡಬೇಕಾಗಿಲ್ಲ. ಮಕ್ಕಳು ಅದರ ಮೇಲೆ ಕುಣಿಯುತ್ತವೆ, ನಿಲ್ಲುವ ತನಕ ಕಾಯುತ್ತೇನೆ.